ಒಂದೇ ಬೋರ್ಡು, ಇಬ್ಬರು ಮೇಷ್ಟ್ರು

ಕೇಳುಗರಿಗೆಲ್ಲ ನಮಸ್ಕಾರ.

ಕೊಡಗಿನಲ್ಲಿ ಕಾಫಿ ಮಾರಿದವರಿಗೆ ಇದು ಹೊಸದಲ್ಲ. ವ್ಯಾಪಾರಿ ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ತೆಗೆಯುತ್ತಾರೆ, ತೇವ ಅಳೆಯುವ ಮೀಟರಿನ ಬಟ್ಟಲಿಗೆ ಸುರಿಯುತ್ತಾರೆ, ಗುಂಡಿ ಒತ್ತುತ್ತಾರೆ. ತೇವ ಶೇಕಡಾ ಹನ್ನೆರಡೂವರೆ ಎಂದು ತೋರಿಸುತ್ತದೆ. "ಮನೇಲಿ ನೋಡಿದಾಗ ಹನ್ನೊಂದೇ ಇತ್ತಲ್ಲ!" ಎಂದು ಬೆಳೆಗಾರರು ತಕರಾರು ತೆಗೆಯುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲದಿರಬಹುದು. ನಡುವಿನ ಆ ಒಂದೂವರೆ ಎಲ್ಲಿಂದ ಬಂತು ಎಂದು ಹುಡುಕಹೊರಟರೆ ಬಿ.ಎಸ್ಸಿ. ತರಗತಿಯ ಭೌತಶಾಸ್ತ್ರಕ್ಕೇ ಬಂದು ನಿಲ್ಲುತ್ತೇವೆ. ಅದನ್ನು ಪಾಠ ಮಾಡಬಲ್ಲವರು ಕಾಲೇಜಿನಲ್ಲಿದ್ದಾರೆ, ಮೀಟರು ಬಲ್ಲ ಎಂಜಿನಿಯರು ಕ್ಯೂರಿಂಗ್ ವರ್ಕ್ಸಿನಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಕಾರ್ಖಾನೆಯಲ್ಲಿ, ಇದ್ದಾರೆ. ಇಬ್ಬರನ್ನೂ ಒಂದೇ ಕೋಣೆಗೆ ಕರೆತಂದು ಉಪನ್ಯಾಸ ಮಾಲೆ ನಡೆಸುವುದು ಹೇಗೆ, ಎಲ್ಲಿ ಎಡವುತ್ತೇವೆ ಎಂಬುದು ಇವತ್ತಿನ ಮಾತು.

ವಿಶ್ವವಿದ್ಯಾಲಯ ಮತ್ತು ಕಂಪನಿ ಸೇರಿ ಭೌತಶಾಸ್ತ್ರದ ಪಾಠ ನಡೆಸುವುದು ಹಳೆಯ ಸಂಗತಿಯೇ. ನೆದರ್‌ಲೆಂಡ್ಸಿನ ಐಂಡ್‌ಹೋವೆನ್ ಊರಿನಲ್ಲಿ ಬಲ್ಬು ತಯಾರಿಸುತ್ತಿದ್ದ ಫಿಲಿಪ್ಸ್ ಕಂಪನಿ 1914ರಲ್ಲಿ ತನ್ನದೇ ಪ್ರಯೋಗಾಲಯ ತೆರೆಯಿತು. ಲೈಡನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಪಾಲ್ ಎಹ್ರೆನ್‌ಫೆಸ್ಟ್ ಅಲ್ಲಿಗೆ ಹೋಗಿ ಹೊಸ ಭೌತಶಾಸ್ತ್ರದ ಬಗ್ಗೆ ಉಪನ್ಯಾಸ ಕೊಡುತ್ತಿದ್ದರು. ಅವರ ಶಿಷ್ಯ ಹೆಂಡ್ರಿಕ್ ಕಾಸಿಮಿರ್ 1942ರಲ್ಲಿ ಅದೇ ಪ್ರಯೋಗಾಲಯ ಸೇರಿದರು. ದ್ರವದಲ್ಲಿ ತೇಲುವ ಪುಡಿಯ ಕಣಗಳು ಲೆಕ್ಕಕ್ಕೆ ಸಿಗದಂತೆ ವರ್ತಿಸುತ್ತವೆ ಎಂಬ ತೊಡಕನ್ನು ಅಲ್ಲಿನ ಸಹೋದ್ಯೋಗಿಗಳು ಅವರ ಮುಂದಿಟ್ಟರು. ಅದನ್ನು ಬಿಡಿಸುತ್ತ ಹೋಗಿ 1948ರಲ್ಲಿ ಕಾಸಿಮಿರ್ ತಲುಪಿದ್ದು, ಖಾಲಿ ಜಾಗದಲ್ಲಿಟ್ಟ ಎರಡು ಲೋಹದ ತಗಡುಗಳು ಒಂದನ್ನೊಂದು ಸೆಳೆಯುತ್ತವೆ ಎಂಬ ಫಲಿತಾಂಶಕ್ಕೆ. ಪುಡಿಯ ತಕರಾರೇ ಇಲ್ಲದಿದ್ದರೆ ಆ ತಗಡುಗಳ ಯೋಚನೆ ಅವರಿಗೆ ಆಗ ಬರುತ್ತಿತ್ತೋ ಇಲ್ಲವೋ.

ನಮ್ಮಲ್ಲಿ ಇಂಥದಕ್ಕೆ ಜಾಗವಿಲ್ಲ ಅನ್ನುವಂತಿಲ್ಲ. ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯವಿದೆ, ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕ್ಯೂರಿಂಗ್ ವರ್ಕ್ಸುಗಳಿವೆ. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸಾಗುವಷ್ಟು ದೂರ.

ಆದರೂ ಇಂಥ ಉಪನ್ಯಾಸಗಳು ಸಾಮಾನ್ಯವಾಗಿ ಹೇಗೆ ಕೆಡುತ್ತವೆ, ನೋಡಿ. ಕಂಪನಿಯ ಎಂಜಿನಿಯರು ಅರವತ್ತು ಸ್ಲೈಡು ತರುತ್ತಾರೆ. ಮೊದಲ ಹದಿನೈದರಲ್ಲಿ ಕಂಪನಿಯ ಚರಿತ್ರೆ, ಮುಂದಿನ ಇಪ್ಪತ್ತರಲ್ಲಿ ಯಂತ್ರದ ಬಣ್ಣದ ಚಿತ್ರಗಳು. ಕೊನೆಗೆ ಪ್ರಶ್ನೆಗಳಿವೆಯೇ ಎಂದರೆ ಇಡೀ ಹಾಲ್ ಸುಮ್ಮನೆ. ಪ್ರಾಧ್ಯಾಪಕರು ವಂದನಾರ್ಪಣೆ ಮಾಡುತ್ತಾರೆ, ಹಾರ ಹಾಕುತ್ತಾರೆ, ಮುಗಿಯಿತು. ಇದರಲ್ಲಿ ಎಂಜಿನಿಯರರ ತಪ್ಪೇನಿಲ್ಲ. "ಏನಾದರೂ ಮಾತಾಡಿ ಸಾರ್" ಎಂದು ಕರೆದರೆ ಅವರು ಕೈಗೆ ಸಿಕ್ಕಿದ್ದನ್ನೇ ತರುತ್ತಾರೆ. ಅವರಿಂದ ಕೇಳಬೇಕಾದದ್ದು ಒಂದೇ ಒಂದು ಯಂತ್ರ, ಅದರ ಒಂದೇ ಒಂದು ತೊಂದರೆ, ಆ ತೊಂದರೆ ಕಾಣಿಸಿಕೊಂಡ ದಿನಗಳ ಅಂಕಿಅಂಶ. ತರಗತಿಗೆ ಎರಡು ವಾರ ಮೊದಲೇ ಪ್ರಾಧ್ಯಾಪಕರೂ ಎಂಜಿನಿಯರೂ ಒಂದು ಗಂಟೆ ಕೂತು ಆ ಅಂಕಿಗಳನ್ನು ನೋಡಬೇಕು. ತರಗತಿ ತೊಂಬತ್ತು ನಿಮಿಷ: ಮೊದಲ ನಲವತ್ತರಲ್ಲಿ ತತ್ತ್ವ, ಮುಂದಿನ ನಲವತ್ತರಲ್ಲಿ ಯಂತ್ರ, ಉಳಿದದ್ದು ಜಗಳಕ್ಕೆ. ಒಬ್ಬರು ಹೇಳುವಾಗ ಇನ್ನೊಬ್ಬರು ಎದ್ದು ಹೋಗುವಂತಿಲ್ಲ.

ಈಗ ಆ ತೇವದ ಮೀಟರನ್ನೇ ಮೊದಲ ತರಗತಿಗೆ ತೆಗೆದುಕೊಳ್ಳೋಣ. ಬಟ್ಟಲಿನ ಮಾದರಿಯ ಹೆಚ್ಚಿನ ಮೀಟರುಗಳು ತೇವವನ್ನು ನೇರವಾಗಿ ಅಳೆಯುವುದಿಲ್ಲ. ಬಟ್ಟಲೇ ಒಂದು ಕೆಪ್ಯಾಸಿಟರು, ಅಂದರೆ ವಿದ್ಯುದಾವೇಶ ಹಿಡಿದಿಡುವ ಸಾಧನ; ಅದು ಹಿಡಿಯಬಲ್ಲ ಪ್ರಮಾಣವೇ ಧಾರಕತೆ. ನಡುವಿನ ವಸ್ತು ಧಾರಕತೆಯನ್ನು ಎಷ್ಟು ಪಟ್ಟು ಏರಿಸುತ್ತದೆ ಎಂಬುದೇ ಡೈಎಲೆಕ್ಟ್ರಿಕ್ ಸ್ಥಿರಾಂಕ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80, ಒಣ ಬೀಜದ್ದು ಒಂದಂಕಿಯೊಳಗೇ. ಹಾಗಾಗಿ ಬೀಜದಲ್ಲಿ ನೀರು ಸ್ವಲ್ಪ ಹೆಚ್ಚಾದರೂ ಬಟ್ಟಲಿನ ಧಾರಕತೆ ಏರುತ್ತದೆ. ಮೀಟರು ಆ ಏರಿಕೆಯನ್ನು ತನ್ನೊಳಗಿನ ಪಟ್ಟಿಗೆ ಹೋಲಿಸಿ ಶೇಕಡಾ ಇಷ್ಟು ಎಂದು ಹೇಳುತ್ತದೆ. ಎಡವಟ್ಟುಗಳೆಲ್ಲ ಹುಟ್ಟುವುದು ಈ ಹೋಲಿಕೆಯಲ್ಲಿ. ಚೆರಿಗೆ ಒಂದು ಪಟ್ಟಿ, ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಪಾರ್ಚ್‌ಮೆಂಟಿಗೆ ಇನ್ನೊಂದು, ಹಲ್ಲರ್ ಯಂತ್ರದಲ್ಲಿ ಸಿಪ್ಪೆ ಬಿಡಿಸಿದ ಬೀಜಕ್ಕೆ ಮತ್ತೊಂದು. ಗುಂಡಿ ತಪ್ಪಾಗಿ ಒತ್ತಿದರೂ ಮೀಟರು ಗೊಣಗುವುದಿಲ್ಲ, ಧೈರ್ಯವಾಗಿ ಒಂದು ಅಂಕಿ ತೋರಿಸಿಯೇ ಬಿಡುತ್ತದೆ. ಎತ್ತರದಿಂದ ಸುರಿದರೆ ಬೀಜ ಒತ್ತಾಗಿ ಕೂರುತ್ತದೆ, ಅದೇ ಬಟ್ಟಲಿನಲ್ಲಿ ಹೆಚ್ಚು ಬೀಜ ಹಿಡಿಯುತ್ತದೆ, ಓದು ಏರುತ್ತದೆ. ಮಟಮಟ ಮಧ್ಯಾಹ್ನ ಕಣದಿಂದ ಬಾಚಿ ತಂದ ಬಿಸಿ ಬೀಜಕ್ಕೆ ಮೀಟರು ಸಾಮಾನ್ಯವಾಗಿ ತೇವವನ್ನು ಹೆಚ್ಚಾಗಿಯೇ ತೋರಿಸುತ್ತದೆ. ಒಳಗೆ ತಾಪಮಾನದ ತಿದ್ದುಪಡಿ ಇದ್ದರೂ ಅದು ಬಟ್ಟಲಿನ ಬಿಸಿ ನೋಡುತ್ತಿದೆಯೋ ಬೀಜದ ಬಿಸಿ ನೋಡುತ್ತಿದೆಯೋ ಎಂಬುದು ಕೇಳಬೇಕಾದ ಪ್ರಶ್ನೆ. ಇನ್ನು ಚೆರಿಯಲ್ಲಿ ಹೊರಸಿಪ್ಪೆ ಗರಿಗರಿ ಒಣಗಿದ್ದು ಒಳಗಿನ ಬೀಜ ಹಸಿಯಾಗಿಯೇ ಇರಬಹುದು. ರಾತ್ರಿ ಚೀಲದಲ್ಲಿ ಕಳೆದ ಮೇಲೆ ತೇವ ಹರಡಿಕೊಳ್ಳುತ್ತದೆ. ಮನೆಯ ಹನ್ನೊಂದು ಪೇಟೆಯಲ್ಲಿ ಹನ್ನೆರಡೂವರೆಯಾಗಲು ಇಷ್ಟರಲ್ಲಿ ಎರಡು ಸೇರಿದರೂ ಸಾಕು.

ಇದನ್ನು ವಿದ್ಯಾರ್ಥಿಗಳೇ ಮಾಡಿ ನೋಡಬಹುದು. ಎರಡು ಅಲ್ಯೂಮಿನಿಯಂ ತಗಡು, ಒಂದೊಂದೂ 30 ಸೆಂಟಿಮೀಟರು ಚೌಕ. ನಡುವೆ 3 ಸೆಂಟಿಮೀಟರು ಅಂತರ ಇರುವಂತೆ ಅಕ್ರಿಲಿಕ್ ಹಾಳೆಯಿಂದ ಮೂರು ಬದಿ ಮುಚ್ಚಿದರೆ ಒಂದು ಚಪ್ಪಟೆ ಪೆಟ್ಟಿಗೆ. ಖಾಲಿ ಇರುವಾಗ ಅದರ ಧಾರಕತೆ ಲೆಕ್ಕದ ಪ್ರಕಾರ ಸುಮಾರು 27 ಪಿಕೋಫ್ಯಾರಡ್. ತುಂಬಲು ಎರಡು ಕಿಲೋ ಬೀಜ ಬೇಕು. ಇಷ್ಟು ದೊಡ್ಡ ತಗಡು ಯಾಕೆ ಎಂದು ಯಾರಾದರೂ 10 ಸೆಂಟಿಮೀಟರಿನ ತಗಡಿನಲ್ಲಿ ಮಾಡಲು ಹೋಗುತ್ತಾರೆ. ಆಗ ಸಿಗುವುದು ಮೂರೇ ಪಿಕೋಫ್ಯಾರಡ್. ಅಳೆಯುವ ಉದ್ದ ತಂತಿಗಳೇ ಹತ್ತಾರು ಪಿಕೋಫ್ಯಾರಡ್ ಹೊತ್ತಿರುತ್ತವೆ. ತಂತಿ ಸ್ವಲ್ಪ ಅಲುಗಾಡಿದರೂ ಓದು ಕುಣಿಯುತ್ತದೆ, ಬೀಜದ ಸುದ್ದಿ ಅದರಲ್ಲಿ ಮುಳುಗಿಹೋಗುತ್ತದೆ. ತಂತಿ ಗಿಡ್ಡವಾಗಿರಲಿ, ಕವಚವಿರುವ ಕೇಬಲ್ ಆಗಿರಲಿ. ಮೊದಲು ಖಾಲಿ ಪೆಟ್ಟಿಗೆಯ ಓದು ಬರೆದುಕೊಳ್ಳಿ. ಮೇಲೆ ಒಂದು ಆಲಿಕೆ ಕಟ್ಟಿ, ಪ್ರತಿ ಸಲವೂ ಅದೇ ಎತ್ತರದಿಂದ ಸುರಿಯಿರಿ. ಪೆಟ್ಟಿಗೆಯನ್ನು ತಟ್ಟಿ ಕೂರಿಸಬೇಡಿ. ಮೊದಲ ದಿನ ತಟ್ಟದ ಗುಂಪಿಗೂ ತಟ್ಟಿದ ಗುಂಪಿಗೂ ಬರುವ ವ್ಯತ್ಯಾಸ ನೋಡಿದ ಮೇಲೆ ಯಾರೂ ಪೇಟೆಯ ಮೀಟರನ್ನು ಕುರುಡಾಗಿ ನಂಬುವುದಿಲ್ಲ, ಕುರುಡಾಗಿ ಬೈಯುವುದೂ ಇಲ್ಲ.

ಒಂದು ಅಂಕಕ್ಕೆ ಇಷ್ಟೆಲ್ಲ ಯಾಕೆ ಅನ್ನಬಹುದು. ರೊಬಸ್ಟಾ ಚೆರಿಗೆ ಕಾಫಿ ಮಂಡಳಿ ಹೇಳುವ ತೇವದ ಮಿತಿ ಶೇಕಡಾ 11, ಪಾರ್ಚ್‌ಮೆಂಟಿಗೆ 10. ಐವತ್ತು ಕಿಲೋದ ಇನ್ನೂರು ಚೀಲ ಒಂದು ಲಾರಿಯಲ್ಲಿ ಹೋಗುತ್ತದೆ ಎಂದುಕೊಳ್ಳಿ. ಹತ್ತು ಸಾವಿರ ಕಿಲೋದಲ್ಲಿ ಶೇಕಡಾ ಒಂದು ಎಂದರೆ ನೂರು ಕಿಲೋ ನೀರು. ಓಟಿ, ಅಂದರೆ ಒಂದು ಚೀಲದಿಂದ ಎಷ್ಟು ಕಿಲೋ ಬೀಜ ಸಿಗುತ್ತದೆ ಎಂಬ ಲೆಕ್ಕ, ಗೊತ್ತಿರುವ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ತರಗತಿಗೆ ಕಲರ್ ಸಾರ್ಟರ್, ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರ. ನನ್ನ ಮಟ್ಟಿಗೆ ಮಾಲೆಯಲ್ಲೇ ರುಚಿಯಾದ ಪಾಠ ಇದು. ಇಳಿಜಾರು ದೋಣಿಯಲ್ಲಿ ಬೀಜ ಜಾರಿ ಬರುತ್ತದೆ, ದೋಣಿಯ ತುದಿ ಬಿಟ್ಟೊಡನೆ ಕ್ಯಾಮೆರಾ ನೋಡುತ್ತದೆ, ಕಪ್ಪು ಬೀಜ ಕಂಡರೆ ಕೆಳಗಿನ ನಳಿಕೆಯಿಂದ ಗಾಳಿ ಫಕ್ಕನೆ ಹೊಡೆದು ಅದನ್ನು ಆಚೆ ತಳ್ಳುತ್ತದೆ. ಬೋರ್ಡಿನ ಮೇಲೆ ಲೆಕ್ಕ ಹೀಗೆ: ಬೀಜದ ವೇಗ ಸೆಕೆಂಡಿಗೆ ಮೂರೂವರೆ ಮೀಟರು, ಕ್ಯಾಮೆರಾದಿಂದ ನಳಿಕೆಗೆ 10 ಸೆಂಟಿಮೀಟರು ಎಂದಿಟ್ಟುಕೊಂಡರೆ ನಡುವಿನ ಸಮಯ ಸುಮಾರು 29 ಮಿಲಿಸೆಕೆಂಡು. ಯಂತ್ರಕ್ಕೆ ಈ ವಿಳಂಬವನ್ನು ಹೊಂದಿಸಿಟ್ಟಿರುತ್ತಾರೆ. ಈಗ ದೋಣಿಗೆ ಬೀಜದ ಮೇಲಿನ ತೆಳು ಬೆಳ್ಳಿಪೊರೆಯ ಹೊಟ್ಟು, ದೂಳು ಅಂಟಿ ಘರ್ಷಣೆ ಹೆಚ್ಚಾಗಿ ವೇಗ ಶೇಕಡಾ 10 ತಗ್ಗಿತು ಎನ್ನಿ. ಬೀಜ 3 ಮಿಲಿಸೆಕೆಂಡು ತಡವಾಗಿ ಬರುತ್ತದೆ. ಅಷ್ಟರಲ್ಲಿ ಅದು ಹಿಂದುಳಿಯುವ ದೂರ ಹೆಚ್ಚುಕಡಿಮೆ ಒಂದು ಸೆಂಟಿಮೀಟರು, ಅಂದರೆ ಒಂದು ಬೀಜದ ಉದ್ದ. ಗಾಳಿ ಹೊಡೆಯುವುದು ಮುಂದೆ ಹೋಗುತ್ತಿರುವ ಒಳ್ಳೆ ಬೀಜಕ್ಕೆ, ಕಪ್ಪು ಬೀಜ ಒಳ್ಳೆಯದರ ಜೊತೆ ಸುಖವಾಗಿ ಕೆಳಗಿಳಿಯುತ್ತದೆ. ಆಗ ಆಪರೇಟರು ಕ್ಯಾಮೆರಾದ ಸೂಕ್ಷ್ಮತೆ ಏರಿಸುತ್ತಾರೆ. ಗಾಳಿ ಇನ್ನಷ್ಟು ಸಲ ಹೊಡೆಯುತ್ತದೆ, ಇನ್ನಷ್ಟು ಒಳ್ಳೆ ಬೀಜ ಹೊರಗೆ ಹೋಗುತ್ತದೆ. ನಿಜವಾದ ಮದ್ದು ಒಣಬಟ್ಟೆಯಿಂದ ದೋಣಿ ಒರೆಸುವುದು.

ಅದೇ ಯಂತ್ರದಲ್ಲಿ ನಮ್ಮ ಮಳೆಗಾಲದ ಇನ್ನೊಂದು ಪಾಠವಿದೆ. 22 ಡಿಗ್ರಿಯಲ್ಲಿ, ಶೇಕಡಾ 90 ಆರ್ದ್ರತೆಯಿರುವಾಗ ಒಂದು ಘನಮೀಟರು ಗಾಳಿಯಲ್ಲಿ ಸುಮಾರು ಹದಿನೇಳೂವರೆ ಗ್ರಾಂ ನೀರಾವಿ ಇರುತ್ತದೆ. ಕಂಪ್ರೆಸರು ಅದನ್ನು ಎಂಟರಲ್ಲೊಂದು ಪಾಲಿಗೆ ಒತ್ತಿ, ಟ್ಯಾಂಕಿನಲ್ಲಿ ಗಾಳಿ ಮತ್ತೆ ಮೊದಲಿನ ತಾಪಕ್ಕೆ ತಣಿದರೆ ಅಷ್ಟು ಪುಟ್ಟ ಜಾಗದಲ್ಲಿ ಎರಡೂವರೆ ಗ್ರಾಮಿಗಿಂತ ಹೆಚ್ಚು ಆವಿ ನಿಲ್ಲದು. ಉಳಿದ ಹದಿನೈದು ಗ್ರಾಂ ನೀರಾಗಿ ಇಳಿಯುತ್ತದೆ. ನಿಮಿಷಕ್ಕೆ ಒಂದು ಘನಮೀಟರು ಎಳೆಯುವ ಕಂಪ್ರೆಸರಿನಲ್ಲಿ ಗಂಟೆಗೆ ಹತ್ತಿರ ಹತ್ತಿರ ಒಂದು ಲೀಟರು ನೀರು! ಟ್ಯಾಂಕಿನ ಅಡಿಯ ನಲ್ಲಿ ಬಿಡದಿದ್ದರೆ, ಗಾಳಿ ಒಣಗಿಸುವ ಡ್ರೈಯರು ಕೆಟ್ಟಿದ್ದರೆ ಆ ನೀರು ನಳಿಕೆಯ ವಾಲ್ವಿಗೆ ಬರುತ್ತದೆ, ದೂಳಿನ ಜೊತೆ ಸೇರಿ ಅಂಟಾಗುತ್ತದೆ, ವಾಲ್ವು ತೆರೆಯಲು ತಡಮಾಡುತ್ತದೆ. ಮತ್ತೆ ಅದೇ ಮಿಲಿಸೆಕೆಂಡಿನ ಕಥೆ. ಈ ಲೆಕ್ಕವನ್ನು ಪ್ರಾಧ್ಯಾಪಕರು ಬಿಡಿಸುತ್ತಿರುವಾಗ ಎಂಜಿನಿಯರು ಅಂಟಿದ ವಾಲ್ವನ್ನೇ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರೆ ಅರವತ್ತು ಸ್ಲೈಡೂ ಬೇಡ.

ಇನ್ನು ದಿನಾಂಕದ ಮಾತು. ಸುಗ್ಗಿಹಬ್ಬ ಹುತ್ತರಿ ಕಳೆದು ಕೊಯ್ಲು ಜೋರಾದ ಮೇಲೆ ಕ್ಯೂರಿಂಗ್ ವರ್ಕ್ಸಿನವರನ್ನು ಉಪನ್ಯಾಸಕ್ಕೆ ಕರೆಯಬೇಡಿ. ಬರುತ್ತೇನೆ ಎನ್ನುತ್ತಾರೆ, ಆ ದಿನ ಹಲ್ಲರು ನಿಂತಿರುತ್ತದೆ, ಬರುವುದಿಲ್ಲ. ಜೂನ್, ಜುಲೈಯಲ್ಲಿ ರಸ್ತೆ, ಕರೆಂಟು ಎರಡನ್ನೂ ನಂಬುವಂತಿಲ್ಲ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಶುರುಮಾಡಿ, ಅಕ್ಟೋಬರಿನ ಕಾವೇರಿ ಸಂಕ್ರಮಣದ ವಾರ ಬಿಟ್ಟು, ನವೆಂಬರಿನೊಳಗೆ ಎಂಟು ತರಗತಿ ಮುಗಿಸುವುದು ಕ್ಷೇಮ. ಕಾರ್ಖಾನೆ ನೋಡುವುದು ಮಾತ್ರ ಫೆಬ್ರವರಿಯಲ್ಲಿ, ಯಂತ್ರ ಓಡುತ್ತಿರುವಾಗ. ಒಂದು ಗುಂಪಿಗೆ ಹನ್ನೆರಡು ಜನ ಸಾಕು. ಹಲ್ಲರಿನ ಪಕ್ಕ ಕಿರುಚಿದರೂ ಕೇಳಿಸುವುದಿಲ್ಲ, ವಿವರಣೆಯೆಲ್ಲ ಗೇಟಿನಲ್ಲೇ ಆಗಲಿ. ಕಿವಿಗೆ ಪ್ಲಗ್, ಕಾಲಿಗೆ ಮುಚ್ಚಿದ ಶೂ, ದುಪಟ್ಟಾ ಮತ್ತು ಜಡೆ ಬಿಗಿಯಾಗಿ ಕಟ್ಟಿರಬೇಕು. ತಿರುಗುವ ಬೆಲ್ಟು ಮುಲಾಜು ನೋಡುವುದಿಲ್ಲ.

ಕಾಗದಪತ್ರದಲ್ಲಿ ಮೂರು ವಿಷಯ ಮೊದಲೇ ಬರೆದುಕೊಳ್ಳಿ. ಕಂಪನಿ ಕೊಡುವ ಅಂಕಿಗಳಲ್ಲಿ ಗಿರಾಕಿಗಳ ಹೆಸರೂ ದರವೂ ಇರಕೂಡದು. ವಿದ್ಯಾರ್ಥಿಯ ಪ್ರಾಜೆಕ್ಟ್ ವರದಿಯನ್ನು ಕಂಪನಿ ಮೂವತ್ತು ದಿನದೊಳಗೆ ನೋಡಿಕೊಡಬೇಕು, ತಡೆಹಿಡಿದು ಕೂರುವಂತಿಲ್ಲ. ಅಂಕ ಕೊಡುವುದು ವಿಶ್ವವಿದ್ಯಾಲಯ ಮಾತ್ರ. ಎಂಜಿನಿಯರರನ್ನು ವರ್ಷಗಟ್ಟಲೆ ಬೇಕೆಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ತಂದ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ದಾರಿಯಿದೆ: ಕನಿಷ್ಠ 15 ವರ್ಷದ ಅನುಭವ ಬೇಕು, ಪಿಎಚ್.ಡಿ. ಕಡ್ಡಾಯವಿಲ್ಲ, ಅವಧಿ ಹೆಚ್ಚೆಂದರೆ ಮೂರು ವರ್ಷ, ವಿಶೇಷ ಸಂದರ್ಭದಲ್ಲಿ ಇನ್ನೊಂದು. ಎಂಟು ತರಗತಿಗೆ ಅಷ್ಟೆಲ್ಲ ಬೇಡ, ಎರಡು ಪುಟದ ಒಡಂಬಡಿಕೆ ಸಾಕು. ಹಣದ ವಿಷಯಕ್ಕೆ, ಕಂಪನಿಗಳು ಸಮಾಜಕ್ಕಾಗಿ ಮಾಡಬೇಕಾದ ಖರ್ಚಾದ ಸಿಎಸ್‌ಆರ್ ಎಂದು ಎಲ್ಲರೂ ಬಾಯಿಬಿಡುತ್ತಾರೆ. 2013ರ ಕಂಪನಿ ಕಾಯ್ದೆಯ ಆ ಕಡ್ಡಾಯ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಮುಟ್ಟಿದ ಕಂಪನಿಗೆ ಮಾತ್ರ. ಚಿಕ್ಕ ಕಂಪನಿಯಿಂದ ಹಣ ಕೇಳುವ ಬದಲು ಎರಡು ಚೀಲ ಬೀಜ, ಹಳೆಯ ಒಂದು ಮೀಟರು, ತಿಂಗಳಿಗೆ ಎಂಜಿನಿಯರರ ಎರಡು ಮಧ್ಯಾಹ್ನ ಕೇಳಿ. ಅದು ಸಿಗುತ್ತದೆ.

ಕೊನೆಯದಾಗಿ, ಎಲ್ಲ ಮೀಟರುಗಳಿಗೂ ಪಂಚಾಯ್ತಿ ಹೇಳುವುದು ಓವನ್. ತೂಗಿದ ಮಾದರಿಯನ್ನು 105 ಡಿಗ್ರಿಯಲ್ಲಿ 16 ಗಂಟೆ ಇಟ್ಟು, ಬಿಗಿ ಮುಚ್ಚಳದ ಗಾಜಿನ ಪಾತ್ರೆಯಲ್ಲಿ ತಣಿಸಿ, ಮತ್ತೆ ತೂಗಬೇಕು. ಬಿಸಿಬಿಸಿಯಾಗಿ ತೂಗಿದರೆ ಮೇಲೇಳುವ ಗಾಳಿ ತಕ್ಕಡಿಯನ್ನು ಎತ್ತುತ್ತದೆ. ತೆರೆದಿಟ್ಟು ತಣಿಸಿದರೆ ಬೀಜ ಗಾಳಿಯ ತೇವ ಹೀರುತ್ತದೆ. ಸಂಜೆ ನಾಲ್ಕಕ್ಕೆ ಇಟ್ಟರೆ ಬೆಳಿಗ್ಗೆ ಎಂಟಕ್ಕೆ ತೆಗೆಯಬಹುದು. ಓವನ್ನಿಗೆ ಕರೆಂಟು ಬರುವ ಸಾಲಿಗೇ ಒಂದು ಹಳೆಯ ಪ್ಲಗ್ ಗಡಿಯಾರ, ಬ್ಯಾಟರಿಯಿಲ್ಲದ್ದು, ಸಿಕ್ಕಿಸಿಡಿ. ಬೆಳಿಗ್ಗೆ ಅದು ಹಿಂದೆ ಬಿದ್ದಿದ್ದರೆ ರಾತ್ರಿ ಕರೆಂಟು ಹೋಗಿತ್ತು ಎಂದೇ ಅರ್ಥ. ಆ ಮಾದರಿ ಬಿಟ್ಟು ಹೊಸದು ತೂಗಿ, ಸಂಜೆ ನಾಲ್ಕಕ್ಕೆ ಮತ್ತೆ ಇಡಿ. ನಮಸ್ಕಾರ.