ಬಿಳಿ ಹೂವಿನ ಕಪ್ಪು ಅಂಚು

ಮೇಜಿನ ಮೇಲಿರೋ ಈ ಚಿತ್ರ ನೋಡಿ. ಬಿಳಿ ಆರ್ಕಿಡ್. ನಕ್ಷತ್ರದ ಹಾಗೆ ಚಾಚಿಕೊಂಡ ದಪ್ಪ ಎಸಳುಗಳು, ಹೂವಿನ ಹಿಂದಿನಿಂದ ಇಳಿಬಿದ್ದ ಉದ್ದನೆಯ ತಿಳಿಹಸಿರು ಬಾಲ. ಕಾಗದ ಹಳದಿಗಟ್ಟಿದೆ. ಮೂಲೆಯಲ್ಲಿ ಎರಡು ಕಂದು ಕಲೆ. "ಹತ್ತೊಂಬತ್ತನೇ ಶತಮಾನದ ಮೂಲ ಮುದ್ರಣ, ಕೈಯಲ್ಲೇ ಬಣ್ಣ ಹಾಕಿದ್ದು" ಅಂತ ಹೇಳಿ ಆನ್‌ಲೈನ್‌ನಲ್ಲಿ ಒಬ್ಬರು ಮಾರಿದ್ರು. ನಾನು ಕಣ್ಣು ಮುಚ್ಕೊಂಡು ತಗೊಂಡೆ.

ಮೂರು ದಿನ ಇದನ್ನೇ ನೋಡ್ತಾ ಕೂತಿದ್ದೆ. ನಾಲ್ಕನೇ ದಿನ ಭೂತಗನ್ನಡಿ ತಗೊಂಡೆ. ಯಾಕೆ ತಗೊಂಡೆನೋ! ಇಲ್ಲಿ ನೋಡಿ, ಕ್ಯಾಮೆರಾ ಹತ್ತಿರ ತರ್ತೀನಿ. ಎಲೆಯ ಹಸಿರು ಹಸಿರೇ ಅಲ್ಲ. ನೀಲಿ ಚುಕ್ಕಿ, ಹಳದಿ ಚುಕ್ಕಿ, ನಡುನಡುವೆ ಗುಲಾಬಿ, ಕಪ್ಪು. ಎಲ್ಲ ಚುಕ್ಕಿಗಳೂ ರಂಗೋಲಿ ಇಟ್ಟ ಹಾಗೆ ಪುಟ್ಟ ಪುಟ್ಟ ಸುತ್ತುಗಳಲ್ಲಿ ಕೂತಿವೆ. ಅಂದ್ರೆ ಇದು ಈಗಿನ ಆಫ್‌ಸೆಟ್ ಮುದ್ರಣ. ಕಾಗದದ ಹಳದಿಯೂ ಚುಕ್ಕಿ, ಆ ಕಂದು ಕಲೆಯೂ ಚುಕ್ಕಿ. ವಯಸ್ಸನ್ನೂ ಅಚ್ಚು ಹಾಕಿ ಕೊಟ್ಟಿದ್ದಾರೆ! ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಚಿಕ್ಕಂದಿನಿಂದ ಕೇಳಿದ್ದೇ ಬಂತು.

ಸಿಟ್ಟು ಇಳಿಯೋಕೆ ಒಂದು ವಾರ ಬೇಕಾಯ್ತು. ಆದ್ರೆ ಅಸಲಿ ಆಗಿದ್ರೆ ಇದು ಹೇಗಿರ್ತಿತ್ತು ಅನ್ನೋ ಪ್ರಶ್ನೆ ಮಾತ್ರ ತಲೆಯಿಂದ ಇಳೀಲಿಲ್ಲ. ಇವತ್ತಿನ ವಿಡಿಯೊ ಅದರದ್ದೇ.

ಮೊದಲು ಹೂವಿನ ಪರಿಚಯ. ಇದರ ಹೆಸರು ಆಂಗ್ರೇಕಮ್ ಸೆಸ್ಕ್ವಿಪೆಡಾಲೆ. ಊರು ಮಡಗಾಸ್ಕರ್. ಸೆಸ್ಕ್ವಿಪೆಡಾಲೆ ಅಂದ್ರೆ ಲ್ಯಾಟಿನ್‌ನಲ್ಲಿ ಒಂದೂವರೆ ಅಡಿ. ಹೆಸರಿಟ್ಟಿದ್ದು ಹೂವಿನ ಹಿಂದಿನ ಆ ಬಾಲ ನೋಡಿ. ಡು ಪೆಟಿ ಥುವಾರ್ ಅನ್ನೋ ಫ್ರೆಂಚ್ ಸಸ್ಯವಿಜ್ಞಾನಿ ಈ ಗಿಡವನ್ನ ಅಲ್ಲಿ ನೋಡಿ, 1822ರಲ್ಲಿ ತನ್ನ ಪುಸ್ತಕದಲ್ಲಿ ಚಿತ್ರಸಮೇತ ಅಚ್ಚು ಹಾಕಿಸಿದ. ಆಗಿನ ಕಾಲದಲ್ಲಿ ಆರ್ಕಿಡ್‌ಗೆ ಚಿತ್ರ ಇಲ್ಲದೆ ಗತಿ ಇರಲಿಲ್ಲ. ಬೇರೆ ಗಿಡಗಳನ್ನ ಕಾಗದದ ನಡುವೆ ಒತ್ತಿ ಒಣಗಿಸಿಟ್ಟರೆ ಗುರುತಿಗೆ ಸಾಕಾಗುತ್ತೆ. ಆರ್ಕಿಡ್ ಹೂವು ಮಾತ್ರ ಒಣಗಿದ್ರೆ ಚಪ್ಪಟೆಯಾಗಿ, ಕಂದಾಗಿ, ನೆನೆದು ಒಣಗಿದ ಟೀ ಎಲೆ ಥರ ಆಗಿಬಿಡುತ್ತೆ. ಅದರ ತುಟಿ ಇದೆಯಲ್ಲ, ಮಿಕ್ಕ ಎಸಳುಗಳಿಗಿಂತ ಬೇರೆ ಆಕಾರದ್ದು, ಹುಳ ಬಂದು ಕೂರೋ ಜಾಗ, ಅದರ ಗುಳಿ, ಉಬ್ಬು, ಮಡಿಕೆ ಯಾವುದೂ ಉಳಿಯಲ್ಲ. ಗುರುತೆಲ್ಲ ಇರೋದು ಅಲ್ಲೇ. ಹಾಗಾಗಿ ಹೂವು ಬಾಡೋದರೊಳಗೆ ಒಬ್ಬರು ಕೂತು ಬರೀಬೇಕಿತ್ತು.

ಬರೆಯೋದು ಹೇಗೆ? ಆ ಕಾಲದ ಆರ್ಕಿಡ್ ಚಿತ್ರಗಳಲ್ಲಿ ಬಹಳಷ್ಟು ಕಲ್ಲಚ್ಚಿನವು. ಮಟ್ಟಸವಾಗಿ ಉಜ್ಜಿದ ಸುಣ್ಣಕಲ್ಲಿನ ಚಪ್ಪಡಿ ಮೇಲೆ ಜಿಡ್ಡಿನ ಕಡ್ಡಿಯಿಂದ ಹೂವನ್ನ ಎಡಬಲ ತಿರುಗಿಸಿ ಬರೀತಿದ್ರು. ಆಮೇಲೆ ಕಲ್ಲಿಗೆ ನೀರು ಸವರೋದು. ಜಿಡ್ಡು ಇರೋ ಕಡೆ ನೀರು ನಿಲ್ಲಲ್ಲ, ನೀರು ಇರೋ ಕಡೆ ಶಾಯಿ ಹಿಡಿಯಲ್ಲ. ಅಷ್ಟೇ ಗುಟ್ಟು. ಹೀಗೆ ಕಪ್ಪು ಗೆರೆಯ ಚಿತ್ರ ಸಿಕ್ಕಿದ ಮೇಲೆ ಪ್ರತಿ ಹಾಳೆಗೂ ಕೈಯಲ್ಲಿ ಜಲವರ್ಣ. ಪ್ರತಿ ಹಾಳೆಗೂ! ಮುಂದೆ ಒಂದು ಮಾದರಿ ಹಾಳೆ ಇಟ್ಕೊಂಡು, ಅದನ್ನ ನೋಡ್ತಾ, ಒಬ್ಬರಾದ ಮೇಲೊಬ್ಬರು ಬಣ್ಣ ತುಂಬೋದು. ಅಸಲಿ ಹಾಳೆಯನ್ನ ಭೂತಗನ್ನಡಿಯಲ್ಲಿ ನೋಡಿದ್ರೆ ಸಿಗೋದು ಇವೇ: ಕಲ್ಲಿನ ಒರಟು ಮೈ ಬಿಟ್ಟುಹೋದ ಮರಳಿನಂಥ ಗೆರೆ, ಅದರ ಮೇಲೆ ಚೂರು ಆಚೆ ಹರಿದ ಹಸಿರು, ಕುಂಚ ಎತ್ತಿದ ಜಾಗದಲ್ಲಿ ಬಣ್ಣ ನಿಂತು ಗಟ್ಟಿಯಾದ ಅಂಚು. ಬಣ್ಣ ಹಾಕಿದವರ ಹೆಸರು ಎಲ್ಲೂ ಇರಲ್ಲ. ಕರ್ಟಿಸ್‌ನ ಬೊಟಾನಿಕಲ್ ಮ್ಯಾಗಜೀನ್ ಅಂತ ಗಿಡಗಳ ಬಣ್ಣದ ಚಿತ್ರ ಅಚ್ಚು ಹಾಕ್ತಿದ್ದ ಇಂಗ್ಲೆಂಡಿನ ಪತ್ರಿಕೆ, 1787ರಲ್ಲಿ ಶುರುವಾಗಿದ್ದು. ಅದಕ್ಕೆ ಹೀಗೆ ಕೈಬಣ್ಣ ಹಾಕೋದು ನಿಂತಿದ್ದು 1948ರಲ್ಲಿ. ವಿಮಾನ, ರೇಡಿಯೊ, ಎರಡು ಮಹಾಯುದ್ಧ ಎಲ್ಲ ಮುಗಿದಿತ್ತು, ಇಲ್ಲಿ ಇನ್ನೂ ಕುಂಚ ಅದ್ದುತ್ತಿದ್ರು.

ಆ ಪತ್ರಿಕೆಗೆ 1834ರಿಂದ 1877ರವರೆಗೆ ಚಿತ್ರ ಬರೆದವನು ವಾಲ್ಟರ್ ಹುಡ್ ಫಿಚ್. ಒಟ್ಟು ಅಚ್ಚಾದ ಅವನ ಚಿತ್ರಗಳು ಹತ್ತಿರಹತ್ತಿರ 10,000. ಕೊನೆಗೆ ಸಂಬಳದ ವಿಷಯಕ್ಕೆ ಪತ್ರಿಕೆಯ ಸಂಪಾದಕ ಜೋಸೆಫ್ ಹೂಕರ್ ಜೊತೆ ಜಗಳ ಮಾಡ್ಕೊಂಡು ಬಿಟ್ಟ. ಇಷ್ಟು ಬರೆದವನಿಗೂ ಸಂಬಳಕ್ಕೆ ಜಗಳ ತಪ್ಪಲಿಲ್ಲ ನೋಡಿ.

ಇನ್ನೊಬ್ಬಳು ಇದ್ದಾಳೆ, ನನಗೆ ಇವಳು ಹೆಚ್ಚು ಇಷ್ಟ. ಸಾರಾ ಡ್ರೇಕ್. ಜೇಮ್ಸ್ ಬೇಟ್‌ಮನ್ ಅನ್ನೋ ಶ್ರೀಮಂತನೊಬ್ಬ 1837ರಿಂದ 1843ರವರೆಗೆ ಮೆಕ್ಸಿಕೊ ಮತ್ತು ಗ್ವಾಟೆಮಾಲಾದ ಆರ್ಕಿಡ್‌ಗಳ ಮೇಲೆ ಒಂದು ಪುಸ್ತಕ ಹೊರತಂದ. ಅಚ್ಚಾಗಿದ್ದು 125 ಪ್ರತಿ. 40 ದೊಡ್ಡ ಚಿತ್ರಗಳು. ತೂಕ ಸುಮಾರು 17 ಕಿಲೊ! ಓದಬೇಕಾದ್ರೆ ಪುಸ್ತಕ ಎತ್ತಲ್ಲ, ನಾವೇ ಅದರ ಹತ್ತಿರ ಹೋಗ್ಬೇಕು. ಅದರೊಳಗೇ ಕ್ರೂಕ್‌ಶ್ಯಾಂಕ್ ಬರೆದ ಒಂದು ವ್ಯಂಗ್ಯಚಿತ್ರ ಇದೆ: ಪುಟ್ಟ ಪುಟ್ಟ ಮನುಷ್ಯರು ರಾಟೆ, ಹಗ್ಗ ಕಟ್ಟಿ ಈ ಪುಸ್ತಕವನ್ನೇ ಮೇಲೆತ್ತುತ್ತಿದ್ದಾರೆ. ತನ್ನನ್ನೇ ಹೀಗೆ ಗೇಲಿ ಮಾಡ್ಕೊಳ್ಳೋ ಪುಸ್ತಕಕ್ಕೆ ನಾನು ಏನು ಬೇಕಾದ್ರೂ ಕ್ಷಮಿಸ್ತೀನಿ. ಅದರ ಹೂವುಗಳನ್ನ ಹೆಚ್ಚಾಗಿ ಬರೆದವರು ಇಬ್ಬರು ಹೆಂಗಸರು, ಅಗಸ್ಟಾ ವಿದರ್ಸ್ ಮತ್ತು ನಮ್ಮ ಡ್ರೇಕ್. ಸಸ್ಯವಿಜ್ಞಾನಿ ಲಿಂಡ್ಲಿ, ಪಶ್ಚಿಮ ಆಸ್ಟ್ರೇಲಿಯಾದ ಒಂದು ಆರ್ಕಿಡ್ ಕುಲಕ್ಕೆ ಇವಳ ಹೆಸರನ್ನೇ ಇಟ್ಟ. ಡ್ರೇಕಿಯಾ. ಆ ಹೂವಿನ ತುಟಿ ಒಂದು ಜಾತಿಯ ಹೆಣ್ಣು ಕಣಜದ ಹಾಗೇ ಇರುತ್ತೆ. ಗಂಡು ಕಣಜ ಮೋಸ ಹೋಗಿ ಬಂದು ಕೂರುತ್ತೆ, ಪರಾಗ ಅಂಟಿಸ್ಕೊಂಡು ಹೋಗುತ್ತೆ. ಕಣ್ಣಿಗೆ ನಿಜ ಅನ್ನಿಸೋ ಹಾಗೆ ಬರೀತಿದ್ದವಳಿಗೆ ಇದಕ್ಕಿಂತ ಒಪ್ಪೋ ಹೂವು ಬೇರೆ ಯಾವುದಿತ್ತು?

ಈ ಬೇಟ್‌ಮನ್ ಮತ್ತೆ ಬರ್ತಾನೆ. 1862ರಲ್ಲಿ ಅವನು ಚಾರ್ಲ್ಸ್ ಡಾರ್ವಿನ್‌ಗೆ ಒಂದು ಪೆಟ್ಟಿಗೆ ತುಂಬ ಆರ್ಕಿಡ್ ಕಳಿಸಿದ. ಅದರಲ್ಲಿ ನನ್ನ ಮೇಜಿನ ಮೇಲಿರೋ ಈ ಆಂಗ್ರೇಕಮ್ ಕೂಡ ಇತ್ತು. ಡಾರ್ವಿನ್ ಬಾಲ ಅಳೆದ. ಹನ್ನೊಂದೂವರೆ ಇಂಚು, ಸುಮಾರು 29 ಸೆಂಟಿಮೀಟರ್. ಅದು ಬಾಲ ಅಲ್ಲ, ಟೊಳ್ಳು ನಾಳ. ಮಕರಂದ ಇರೋದು ತಳದ ಒಂದೂವರೆ ಇಂಚಲ್ಲಿ ಮಾತ್ರ. ಬಾವಿ ಇಷ್ಟು ಆಳ, ನೀರು ತಳದಲ್ಲಿ. ಹಾಗಾದ್ರೆ ಹಗ್ಗ ಎಷ್ಟುದ್ದ ಬೇಕು? ಅಷ್ಟುದ್ದ ಹೀರುನಾಳ ಇರೋ ಪತಂಗ ಮಡಗಾಸ್ಕರ್‌ನಲ್ಲಿ ಇರಲೇಬೇಕು ಅಂತ ಅದೇ ವರ್ಷ ಆರ್ಕಿಡ್‌ಗಳ ಬಗ್ಗೆ ಬರೆದ ಪುಸ್ತಕದಲ್ಲಿ ಹೇಳಿಬಿಟ್ಟ. ಅಂಥ ಪತಂಗವನ್ನ ಆಗ ಯಾರೂ ಕಂಡಿರಲಿಲ್ಲ.

ಐದು ವರ್ಷ ಆಯ್ತು. 1867ರಲ್ಲಿ ಇನ್ನೊಬ್ಬ ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವ್ಯಾಲೇಸ್ ಇದರ ಬಗ್ಗೆ ಒಂದು ಲೇಖನ ಬರೆದ. ಅದರ ಜೊತೆ ಥಾಮಸ್ ವುಡ್ ಅನ್ನೋ ಚಿತ್ರಕಾರನ ಒಂದು ಚಿತ್ರ. ಕಾಡು, ಆಂಗ್ರೇಕಮ್ ಹೂವು, ಅದರ ಮುಂದೆ ರೆಕ್ಕೆ ಬಡೀತಾ ನಿಂತ ಪತಂಗ, ಅದರ ಬಾಯಿಂದ ದಾರದ ಹಾಗೆ ಉದ್ದಕ್ಕೆ ಹೊರಟ ಹೀರುನಾಳ. ಇಲ್ಲಿ ವಿಡಿಯೊ ನಿಲ್ಲಿಸಿ ಒಂದು ಕ್ಷಣ ಯೋಚನೆ ಮಾಡಿ. ಹೂವು ವುಡ್ ನೋಡಬಹುದಾಗಿದ್ದು. ಪತಂಗ? ಅದನ್ನ ಹೂವಿನ ಲೆಕ್ಕ ಹಿಡಿದೇ ಬರೆದಿದ್ದು. ಬೀಗ ನೋಡಿ ಬೀಗದಕೈ ಬರೆದ ಹಾಗೆ.

1903ರಲ್ಲಿ ರಾಥ್‌ಚೈಲ್ಡ್ ಮತ್ತು ಜೋರ್ಡಾನ್ ಅನ್ನೋ ಕೀಟವಿಜ್ಞಾನಿಗಳು ಆ ಮಡಗಾಸ್ಕರ್ ಪತಂಗವನ್ನ ವರ್ಣಿಸಿ ಹೆಸರಿಟ್ರು. ಹೆಸರಲ್ಲಿ ಪ್ರಿಡಿಕ್ಟಾ ಅಂತ ಸೇರಿಸಿದ್ರು, ಮೊದಲೇ ಹೇಳಿದ್ದು ಅಂತ. ಡಾರ್ವಿನ್ ತೀರಿಹೋಗಿ ಆಗಲೇ 21 ವರ್ಷ ಆಗಿತ್ತು. ಆದ್ರೆ ಆ ಪತಂಗ ಆ ಹೂವಿನಿಂದ ಹೀರೋದು ಫೋಟೊದಲ್ಲಿ ಸಿಕ್ಕಿದ್ದು 1990ರ ದಶಕದಲ್ಲಿ. ಚಿತ್ರ ಬಂದು ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಆದ ಮೇಲೆ ಕ್ಯಾಮೆರಾ ಬಂದು ಹೌದು ಅಂತ ತಲೆಯಾಡಿಸ್ತು.

ಇದನ್ನ ಹೇಳಿದ್ರೆ ನನ್ನ ಸ್ನೇಹಿತ ಒಪ್ಪಲ್ಲ. "ಏನೇ ಹೇಳು, ಫೋಟೊ ಸುಳ್ಳು ಹೇಳಲ್ಲ ಕಣೋ" ಅಂತಾನೆ. ಸರಿ, ನೋಡೇಬಿಡೋಣ ಅಂತ ಒಂದು ಪ್ರಯೋಗ ಮಾಡಿದೆ. ಆಗ ಫಿಲ್ಮ್ ಬದಲು ಬೆಳಕು ಹಿಡಿಯೋ ಲೇಪದ ಪ್ಲೇಟ್ ಬಳಸ್ತಿದ್ರು. ಹತ್ತೊಂಬತ್ತನೇ ಶತಮಾನದ ಮೊದಮೊದಲ ಫೋಟೊ ಪ್ಲೇಟ್‌ಗಳಿಗೆ ಕಾಣ್ತಿದ್ದಿದ್ದು ಹೆಚ್ಚುಕಮ್ಮಿ ನೀಲಿ, ನೇರಳೆ ಬೆಳಕು ಮಾತ್ರ. ಕೆಂಪು, ಹಳದಿ, ಹಸಿರು ಅವುಗಳ ಪಾಲಿಗೆ ಕತ್ತಲೆ. ನನ್ನ ಕಿಟಕಿಯಲ್ಲಿ ಒಂದು ಫೆಲನಾಪ್ಸಿಸ್ ಆರ್ಕಿಡ್ ಇದೆ, ಬಿಳಿ ಎಸಳು, ಗಂಟಲಲ್ಲಿ ಅಚ್ಚ ಹಳದಿ. ಅದರ ಫೋಟೊ ತೆಗೆದು, ಕಂಪ್ಯೂಟರ್‌ನಲ್ಲಿ ಕೆಂಪು, ಹಸಿರು ತೆಗೆದು, ನೀಲಿ ಪದರ ಒಂದನ್ನೇ ಕಪ್ಪುಬಿಳುಪಲ್ಲಿ ಉಳಿಸಿದೆ. ಇದೋ. ಹಳದಿ ಗಂಟಲು ಮಸಿ ಬಳಿದ ಹಾಗೆ ಆಗಿದೆ. ಎಲೆ ಹಿನ್ನೆಲೆಯಲ್ಲಿ ಕರಗಿಹೋಗಿದೆ. ಇದನ್ನ ನಂಬಿ ಗಿಡ ಹುಡುಕೋಕೆ ಹೊರಟವನು ಕಪ್ಪು ಗಂಟಲಿನ ಹೂವನ್ನೇ ಹುಡುಕ್ತಾ ಇರ್ತಾನೆ.

1873ರಲ್ಲಿ ಹರ್ಮನ್ ಫೋಗೆಲ್ ಅನ್ನೋ ಜರ್ಮನ್ ವಿಜ್ಞಾನಿ ಪ್ಲೇಟ್‌ಗೆ ಬಣ್ಣದ ರಾಸಾಯನಿಕ ಸೇರಿಸಿದ್ರೆ ಅದಕ್ಕೆ ಹಸಿರೂ ಕಾಣುತ್ತೆ ಅಂತ ಕಂಡುಹಿಡಿದ ಮೇಲೆ ಈ ಕಷ್ಟ ನಿಧಾನಕ್ಕೆ ಕಮ್ಮಿಯಾಯ್ತು. ಬಣ್ಣದ ಫೋಟೊ ಪೇಟೆಯಲ್ಲಿ ನಿಜವಾಗಿ ನೆಲೆಯೂರಿದ್ದು 1907ರಲ್ಲಿ ಬಂದ ಲೂಮಿಯೇರ್ ಸೋದರರ ಆಟೊಕ್ರೋಮ್. ಇದು ನಂಗೆ ಹುಚ್ಚು ಹಿಡಿಸಿದ ವಸ್ತು. ಆಲೂಗಡ್ಡೆ ಪಿಷ್ಟದ ಕಣಗಳನ್ನ ಕಿತ್ತಳೆಗೆಂಪು, ಹಸಿರು, ನೇರಳೆ ಬಣ್ಣದಲ್ಲಿ ಅದ್ದಿ, ಕಲಸಿ, ಗಾಜಿನ ಮೇಲೆ ಹಿಟ್ಟು ಉದುರಿಸಿದ ಹಾಗೆ ಉದುರಿಸೋದು. ಒಂದು ಚದರ ಇಂಚಿಗೆ ಸುಮಾರು 40 ಲಕ್ಷ ಕಣ. ಸಂದಿಗೆ ಕರಿಪುಡಿ. ಅದರ ಮೇಲೆ ಫೋಟೊ ಲೇಪ. ಬೆಳಕಿಗೆ ಹಿಡಿದು ನೋಡಿದ್ರೆ ಬಣ್ಣ. ತುಂಬ ಹೊತ್ತು ಅಲ್ಲಾಡದೆ ಇರಬೇಕಾಗಿದ್ದರಿಂದ ಮಕ್ಕಳಿಗಿಂತ ಹೂವೇ ವಾಸಿ. ಆರ್ಕಿಡ್ ಅಂತೂ ವಾರಗಟ್ಟಲೆ ಅರಳಿಕೊಂಡೇ ಇರುತ್ತೆ, ಇದಕ್ಕಿಂತ ತಾಳ್ಮೆಯ ಮಾಡೆಲ್ ಸಿಗಲ್ಲ.

ಅದನ್ನೂ ಭೂತಗನ್ನಡಿಯಲ್ಲಿ ನೋಡಿದ್ರೆ ಕಾಣೋದು ಚುಕ್ಕಿಗಳೇ! ಆದ್ರೆ ಸುತ್ತು ಕಟ್ಟಿದ ಚುಕ್ಕಿ ಅಲ್ಲ. ಎಲ್ಲೆಂದರಲ್ಲಿ ಬಿದ್ದ, ಒಂದೆಡೆ ಗುಂಪಾಗಿ ಇನ್ನೊಂದೆಡೆ ಚೆದುರಿದ ಚುಕ್ಕಿ. ಹೂವು ಮಂಜಿನಲ್ಲಿ ನಿಂತಂತೆ ಕಾಣೋದು ಅದಕ್ಕೇ.

ಇಷ್ಟೆಲ್ಲ ಆದ್ರೂ ಗುರುತು ಹಿಡಿಯೋ ಕೆಲಸಕ್ಕೆ ಕ್ಯಾಮೆರಾ ಚಿತ್ರಕಾರರನ್ನ ಓಡಿಸಲಿಲ್ಲ. ಕಾರಣ ನನ್ನ ಫೋನಲ್ಲೇ ಗೊತ್ತಾಯ್ತು. ಹತ್ತಿರದಿಂದ ತೆಗೆದ್ರೆ ತುಟಿ ಸ್ಪಷ್ಟ, ಹಿಂದಿನ ಎಸಳು ಮಸುಕು. ಹಿಂದಿನ ಎಸಳಿಗೆ ಫೋಕಸ್ ಕೊಟ್ಟರೆ ತುಟಿ ಮಸುಕು. ಬರೆಯೋರಿಗೆ ಆ ತೊಂದರೆ ಇಲ್ಲ, ಎಲ್ಲವೂ ಸ್ಪಷ್ಟ. ಮೇಲಾಗಿ ಒಂದೇ ಹಾಳೆಯಲ್ಲಿ ಮೊಗ್ಗು, ಅರಳಿದ ಹೂವು, ಕತ್ತರಿಸಿ ತೋರಿಸಿದ ಒಳಭಾಗ, ಪರಾಗದ ಗಂಟು. ಅಷ್ಟೂ ಒಂದೇ ಹೊತ್ತಲ್ಲಿ ಒಂದೇ ಗಿಡದಲ್ಲಿ ಇರೋದೇ ಇಲ್ಲ. ಲೆಕ್ಕಕ್ಕೆ ಅದು ಸುಳ್ಳೇ. ಆದ್ರೆ ಕಾಡಲ್ಲಿ ಗಿಡ ಹುಡುಕೋನಿಗೆ ನಾನು ಆ ಹಾಳೆನೇ ಕೊಟ್ಟು ಕಳಿಸ್ತೀನಿ.

ಸರಿ, ನನ್ನ ನಕಲಿಗೆ ವಾಪಸ್ ಬರೋಣ. ಇದನ್ನ ಎಸೀಬೇಕು ಅಂತಲೇ ಇದ್ದೆ. ಕೊನೇ ಸಲ ಅಂತ ಎಸಳುಗಳ ಅಂಚು ನೋಡಿದೆ. ಬಿಳಿ ಎಸಳಿನ ಉಬ್ಬಿದ ಕಡೆ ಒಂದು ಬೂದುಗಪ್ಪು ಪಟ್ಟಿ. ನೆರಳು ಅಂದ್ಕೊಂಡಿದ್ದೆ. ನೆರಳಾಗಿದ್ರೆ ಬೆಳಕಿನ ಆಚೆ ಬದಿಗೆ ಬೀಳಬೇಕು. ಇದು ಬೆಳಕು ಬೀಳೋ ಬದಿಯಲ್ಲೇ ಇದೆ, ಎಸಳು ಅತಿ ಬೆಳ್ಳಗೆ ಹೊಳೀಬೇಕಾದ ಜಾಗದಲ್ಲಿ.

ಹಳೇ ಬಿಳಿ ಬಣ್ಣಗಳಲ್ಲಿ ಒಂದು ಸೀಸದ್ದು. ಹೊಳಪು ತೋರಿಸಬೇಕಾದ ಕಡೆ ಅದನ್ನ ದಪ್ಪಗೆ ಹಚ್ಚೋರು. ಗಾಳಿಯಲ್ಲಿರೋ ಹೈಡ್ರೋಜನ್ ಸಲ್ಫೈಡ್, ಅದೇ ಕೊಳೆತ ಮೊಟ್ಟೆಯ ವಾಸನೆಯ ಅನಿಲ, ಸೀಸಕ್ಕೆ ತಗುಲಿದ್ರೆ ಅದು ಲೆಡ್ ಸಲ್ಫೈಡ್ ಆಗುತ್ತೆ. ಅದರ ಬಣ್ಣ ಕಪ್ಪು. ಅಂದ್ರೆ ಚಿತ್ರಕಾರ ಎಲ್ಲಿ ಹೆಚ್ಚು ಬಿಳಿ ಬೇಕು ಅಂತ ಕೈ ಧಾರಾಳ ಮಾಡಿದ್ನೋ ಅಲ್ಲೇ ಹೆಚ್ಚು ಕಪ್ಪು. ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಅದನ್ನ ಮತ್ತೆ ಬಿಳಿ ಮಾಡೋ ವಿಧಾನ ಸಂರಕ್ಷಣೆ ಮಾಡೋರಿಗೆ ಗೊತ್ತು. ಮನೇಲಿ ಯಾರೂ ಮಾಡೋಕೆ ಹೋಗಬೇಡಿ.

ಈಗ ಆ ಪಟ್ಟಿ ಮೇಲೆ ಭೂತಗನ್ನಡಿ ಇಡ್ತೀನಿ. ಅದೂ ಚುಕ್ಕಿಗಳೇ, ನೀಲಿ, ಗುಲಾಬಿ, ಹಳದಿ, ಕಪ್ಪು. ಅಂದ್ರೆ ಎಲ್ಲೋ ಒಂದು ಅಸಲಿ ಹಾಳೆ ಇದೆ. ಅದಕ್ಕೆ ಒಬ್ಬರು ಒಂದು ದಿನ ಕೂತು, ಕುಂಚದ ತುದಿಯಲ್ಲಿ ಬಿಳಿ ತಗೊಂಡು ಈ ಎಸಳಿನ ಅಂಚಿಗೆ ಹಚ್ಚಿದ್ದಾರೆ. ಅದು ವರ್ಷಾನುಗಟ್ಟಲೆ ಗಾಳಿ ಕುಡಿದು ಕಪ್ಪಾಗಿದೆ. ಆಮೇಲೆ ಯಾರೋ ಅದರ ಫೋಟೊ ತೆಗೆದಿದ್ದಾರೆ. ನನ್ನ ಕೈಗೆ ಬಂದಿರೋದು ಆ ಫೋಟೊ.

ಚೌಕಟ್ಟು ನಿನ್ನೆ ಬಂತು. ಮೊಳೆ, ಸುತ್ತಿಗೆ ಅಲ್ಲೇ ಇದೆ. ಕಿಟಕಿಯ ಗಿಡದ ಪಕ್ಕದ ಗೋಡೆಗೆ ಹಾಕ್ತೀನಿ, ಭೂತಗನ್ನಡಿಗೂ ಕೆಳಗೊಂದು ಮೊಳೆ.