ಕಿಟ್ ಕಾರಿಗೆ ಡೋನರ್ ಹುಡುಕುವುದು: ಮಾಜ್ಡಾ ಎಂಎಕ್ಸ್-5 ಬಿಚ್ಚುವ ಮುಂಚೆ

[ದೃಶ್ಯ: ಗ್ಯಾರೇಜಿನಲ್ಲಿ ಎಂಎಕ್ಸ್-5, ಬಾನೆಟ್ ಎತ್ತಿದೆ]

ನಮಸ್ಕಾರ. ಕಿಟ್ ಕಾರು ಅಂದರೆ ನಾವೇ ಜೋಡಿಸಿಕೊಳ್ಳುವ ಕಾರು. ಅದರ ಕಂಪನಿ ನಿಮಗೆ ಕೊಡೋದು ಮುಖ್ಯವಾಗಿ ಚಾಸಿ ಮತ್ತು ಬಾಡಿ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಬ್ರೇಕು, ಸ್ಟೀರಿಂಗು ಎಲ್ಲ ಒಂದು ಹಳೇ ಕಾರಿನಿಂದ ಬರಬೇಕು. ಅದೇ ಡೋನರ್. ಬ್ರಿಟನ್ನಿನಲ್ಲಿ ಮೊದಲು ಫೋರ್ಡ್ ಎಸ್ಕಾರ್ಟ್, ಆಮೇಲೆ ಸಿಯೆರಾ ಇದಕ್ಕೆ ಒದಗುತ್ತಿದ್ದವು. ಅವು ಈಗ ಅಪರೂಪ. ಆ ಜಾಗಕ್ಕೆ ಎಂಎಕ್ಸ್-5 ಬಂದಿದೆ. ಎಂಜಿನ್ ಉದ್ದಕ್ಕೆ ಕೂತಿದೆ, ಹಿಂದಿನ ಚಕ್ರಕ್ಕೆ ಡ್ರೈವ್, ನಾಲ್ಕೂ ಮೂಲೆಗೆ ಡಬಲ್ ವಿಶ್‌ಬೋನ್, ಅಂದರೆ ಚಕ್ರವನ್ನು ಹಿಡಿಯುವ ಮೇಲೊಂದು ಕೆಳಗೊಂದು ತೋಳು. ಸಸ್ಪೆನ್ಷನ್ ಸಮೇತ ಸಬ್‌ಫ್ರೇಮ್ (ಅದು ಕೂರುವ ಉಕ್ಕಿನ ಚೌಕಟ್ಟು) ಕೆಳಗಿಳಿಸಿದರೆ ಎಂಇವಿ ಎಕ್ಸೋಸೆಟ್‌ನಂಥ ಕಿಟ್‌ಗೆ ಹಾಗೇ ಕೂರುತ್ತದೆ.

ಇಡೀ ಕಾರನ್ನೇ ಕೊಳ್ಳಿ, ಅದೂ ಓಡುತ್ತಿರೋದನ್ನ. ಶಿವಾಜಿನಗರದ ಗುಜರಿಯಲ್ಲಿ ಹೆಕ್ಕಿದ ಹಾಗೆ ಒಂದೊಂದೇ ಪಾರ್ಟ್ ಕೂಡಿಸಲು ಹೋದರೆ ದೊಡ್ಡ ಸಾಮಾನೆಲ್ಲ ಸಿಗುತ್ತದೆ. ಬ್ರಾಕೆಟ್ಟು, ಹೋಸು, ಕನೆಕ್ಟರು ಸಿಗೋದಿಲ್ಲ. ಸಿಕ್ಕಿದ್ದೂ ಒಂದಕ್ಕೊಂದು ಹೊಂದೋದಿಲ್ಲ. ಮಾರ್ಕ್ 1, ಅಂದರೆ ಮೊದಲ ಪೀಳಿಗೆಯ, 1.6 ಲೀಟರ್ ಕಾರಿನ ಡಿಫರೆನ್ಷಿಯಲ್ 6 ಇಂಚಿನದು, 1.8ರದ್ದು 7 ಇಂಚು. ಗಟ್ಟಿ ಇರಲಿ ಅಂತ 7 ಇಂಚಿನದ್ದನ್ನು ಮಾತ್ರ ತಂದರೆ ನಿಮ್ಮ ಹಳೇ ಡ್ರೈವ್‌ಶಾಫ್ಟೂ ಸೇರದು, ಪ್ರೊಪೆಲ್ಲರ್ ಶಾಫ್ಟಿನ ಫ್ಲಾಂಜೂ ಸೇರದು. ಮೂರನ್ನೂ ಒಂದೇ ಕಾರಿನಿಂದ ತರಬೇಕು.

ಸಿಲ್ (ಬಾಗಿಲ ಕೆಳಗಿನ ಬಾಡಿ ಅಂಚು) ತುಕ್ಕು ಹಿಡಿದು ಎಂಒಟಿ, ಅಂದರೆ ಬ್ರಿಟನ್ನಿನ ವಾರ್ಷಿಕ ಫಿಟ್‌ನೆಸ್ ತಪಾಸಣೆಯಲ್ಲಿ ಫೇಲಾದ ಕಾರು ನಮಗೆ ಲಾಭವೇ. ಬಾಡಿ ಹೇಗೂ ಬೇಡ, ಬೆಲೆ ಇಳಿದಿರುತ್ತದೆ. ಸಬ್‌ಫ್ರೇಮ್ ಮತ್ತು ವಿಶ್‌ಬೋನ್ ಮಾತ್ರ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ.

[ದೃಶ್ಯ: ಕ್ರ್ಯಾಂಕ್ ಪುಲ್ಲಿ ಹತ್ತಿರದಿಂದ]

1991ರ ಮಧ್ಯದ ಹೊತ್ತಿನವರೆಗಿನ 1.6 ಎಂಜಿನ್ ಆದರೆ ಈ ಪುಲ್ಲಿಯ ನಡುಭಾಗ ನೋಡಿ. ನಾಲ್ಕು ಸೀಳು ಇದ್ದರೆ ಕ್ರ್ಯಾಂಕಿನ ಮೂತಿ ಗಿಡ್ಡ. ಎಂಟಿದ್ದರೆ ನಂತರದ ದಪ್ಪ ಮೂತಿ. ಗಿಡ್ಡದರಲ್ಲಿ ಬೋಲ್ಟ್ ಸಡಿಲಾದರೆ ಕೀ ಅನ್ನುವ ಸಣ್ಣ ಲೋಹದ ತುಂಡು ಕೂರುವ ಜಾಗ ಸವೆದು ಟೈಮಿಂಗ್ ತಪ್ಪುತ್ತದೆ, ಶಕ್ತಿ ಕುಂದುತ್ತದೆ. ಎಂಜಿನ್ ಓಡುವಾಗ ಪುಲ್ಲಿ ಓಲಾಡಿದರೆ ಆ ಕಾರು ಬೇಡ. ಇನ್ನೊಂದು ಮೋಸ ಹೋಗುವ ಜಾಗ: ಬ್ರಿಟನ್ನಿನಲ್ಲಿ 1995ರಿಂದ ಮಾರಿದ 1.6ಕ್ಕೆ ಸುಮಾರು 90 ಎಚ್‌ಪಿ ಅಷ್ಟೇ, ಹಳೆಯದಕ್ಕೆ ಸುಮಾರು 115. ಹೆಸರು ಒಂದೇ, ಕಾರು ಬೇರೆ.

ಬಿಚ್ಚುವ ಮುಂಚೆ ಓಡಿಸಿ. ತಣ್ಣಗಿರುವಾಗ ಎರಡನೇ ಗೇರು ಗರಗರ ಅಂದರೆ ಗೇರು ನಯವಾಗಿ ಕೂರಿಸುವ ಸಿಂಕ್ರೋ ಸವೆದಿದೆ. ಟ್ಯಾಪೆಟ್ ಟಿಕ್‌ಟಿಕ್ ಅಂದರೆ ಹೆದರಬೇಡಿ, ಎಣ್ಣೆ ಬದಲಿಸಿದರೆ ಎಷ್ಟೋ ಸಲ ನಿಲ್ಲುತ್ತದೆ. ಕ್ಲಚ್ ಸ್ಲೇವ್ ಸಿಲಿಂಡರ್ ಸೋರುತ್ತಿರಬಹುದು, ಹೊಸದು ಹಾಕಿಬಿಡಿ.

ಬಿಚ್ಚಲು ಕೂತಾಗ ಹಿಂದಿನ 29 ಎಂಎಂ ಹಬ್ ನಟ್ ಮೊದಲು. ಒತ್ತಿ ಬಗ್ಗಿಸಿದ ಅಂಚನ್ನು ಎಬ್ಬಿಸಿ, ಕಾರು ನೆಲದ ಮೇಲಿರುವಾಗಲೇ ಒಬ್ಬರು ಬ್ರೇಕ್ ತುಳಿದಿರಲಿ, ಇನ್ನೊಬ್ಬರು ಸಡಿಲಿಸಿ. ಜಾಕ್ ಮೇಲೆ ಎತ್ತಿದ ಕಾರಿನಲ್ಲಿ ಅಷ್ಟು ಜೋರು ಹಾಕಬಾರದು.

[ದೃಶ್ಯ: ಕೆಳಗಿನ ವಿಶ್‌ಬೋನ್, ತುಕ್ಕು ಹಿಡಿದ ಬೋಲ್ಟ್]

ಎಲ್ಲಕ್ಕಿಂತ ಕಾಡೋದು ಇದು: ಅಲೈನ್‌ಮೆಂಟ್ ಮಾಡುವ ಎಕ್ಸೆಂಟ್ರಿಕ್ ಬೋಲ್ಟ್. ಮುಂದೆ ನಾಲ್ಕು, ಹಿಂದೆ ನಾಲ್ಕು, ಒಟ್ಟು ಎಂಟು. ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪಿನಿಂದ ಬೋಲ್ಟು ರಬ್ಬರ್ ಬುಶ್ಶಿನ ಒಳಗಿನ ಕಬ್ಬಿಣದ ಕೊಳವೆಗೆ ಕಚ್ಚಿಕೊಳ್ಳುತ್ತದೆ. ನಟ್ ಬರುತ್ತದೆ, ಬೋಲ್ಟ್ ತಿರುಗಿದರೆ ರಬ್ಬರೂ ಜೊತೆಗೇ ತಿರುಚಿಕೊಳ್ಳುತ್ತದೆ. ಸುತ್ತಿಗೆಯಿಂದ ಬಡಿದರೆ ಬೋಲ್ಟ್ ಹಿಡಿಯುವ ಸಬ್‌ಫ್ರೇಮಿನ ಕಿವಿ ಬಾಗೀತು. ಒಂದು ವಾರ ಮೊದಲಿಂದ ದಿನಾ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ. ಬರದಿದ್ದರೆ ಬುಶ್ಶಿಗೂ ಕಿವಿಗೂ ನಡುವೆ ಬ್ಲೇಡ್ ತೂರಿಸಿ ಎರಡೂ ಕಡೆ ಕತ್ತರಿಸಿ. ಹೊಸ ಬೋಲ್ಟ್ ಮತ್ತು ಬುಶ್ ಖರ್ಚನ್ನು ಮೊದಲೇ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ವೈರಿಂಗ್ ಕತ್ತರಿಸಲೇಬೇಡಿ. ಪ್ರತಿ ಕನೆಕ್ಟರಿಗೂ ಟೇಪ್ ಸುತ್ತಿ ಹೆಸರು ಬರೆದು, ಫೋಟೋ ತೆಗೆದು, ಇಡೀ ಹಾರ್ನೆಸ್ (ವೈರುಗಳ ಕಟ್ಟು) ಒಟ್ಟಿಗೆ ಎತ್ತಿ. ಮಾರ್ಕ್ 1ರ 1.6ರಲ್ಲಿ ಎಂಜಿನ್ನಿಗೆ ಹೋಗುವ ಗಾಳಿ ಅಳೆಯುವ ಏರ್‌ಫ್ಲೋ ಮೀಟರ್ ಬಿಟ್ಟುಬಂದರೆ ಎಂಜಿನ್ ಸ್ಟಾರ್ಟಾಗಿ ತಕ್ಷಣ ಆರುತ್ತದೆ, ಯಾಕೆಂದರೆ ಪೆಟ್ರೋಲ್ ಪಂಪನ್ನು ಚಾಲೂ ಇಡುವ ಸ್ವಿಚ್ ಅದರೊಳಗೇ ಇದೆ. ಮಾರ್ಕ್ 2 ಆದರೆ ಕೀ, ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಓಡದಂತೆ ತಡೆಯುವ ಸಾಧನ), ಇಸಿಯು (ಎಂಜಿನ್ನಿನ ಕಂಪ್ಯೂಟರ್) ಮೂರನ್ನೂ ಒಂದೇ ಡಬ್ಬಿಯಲ್ಲಿ ಇಡಿ.

ಕಾಗದಪತ್ರ. ವಿ5ಸಿ, ಅಂದರೆ ಬ್ರಿಟನ್ನಿನ ನೋಂದಣಿ ಪತ್ರ, ನಿಮ್ಮ ಹೆಸರಿಗೆ ಬಂದಿರಲಿ, ಎಂಜಿನ್ ನಂಬರ್ ಅದರಲ್ಲಿರುವುದಕ್ಕೆ ತಾಳೆಯಾಗಲಿ. ಜೋಡಿಸಿದ ಕಾರು ರಸ್ತೆಗಿಳಿಯಲು ಪಾಸಾಗಬೇಕಾದ ಐವಿಎ ಪರೀಕ್ಷೆಯಲ್ಲಿ ಎಂಜಿನ್ನಿನ ವಯಸ್ಸು ತೋರಿಸಲು ಅದು ಬೇಕು. ಅಪಘಾತವಾದ ಕಾರಾದರೆ ವಿಮೆಯವರು ಕೊಟ್ಟ ಹಾನಿಯ ವರ್ಗ ಕೇಳಿ: ಎಸ್ ಅಥವಾ ಎನ್ ಸರಿ, ಬಿ ಆದರೆ ಪಾರ್ಟ್ಸ್ ಬಳಸಬಹುದು, ಬಾಡಿ ಪುಡಿಯಾಗಲೇಬೇಕು, ಎ ಆದರೆ ಒಂದು ಬೋಲ್ಟೂ ಮುಟ್ಟುವ ಹಾಗಿಲ್ಲ.

ಉಳಿದ ಹಾರ್ಡ್‌ಟಾಪ್, ಬಾಗಿಲು, ಹುಡ್, ಸೀಟು ಮಾರಿದರೆ ಕಾರಿಗೆ ಕೊಟ್ಟ ಹಣದಲ್ಲಿ ಒಳ್ಳೆ ಪಾಲು ವಾಪಸ್ ಬರುತ್ತದೆ. ಬ್ರಾಕೆಟ್ಟು, ಕ್ಲಿಪ್ಪು, ಬೋಲ್ಟುಗಳ ಡಬ್ಬಿಗಳನ್ನು ಮಾತ್ರ ಐವಿಎ ಪಾಸಾಗುವ ತನಕ ಎಸೆಯಬೇಡಿ.