ಪಿತ್ತ ನೆತ್ತಿಗೇರಿದರೆ ಆತ್ಮಕ್ಕೇನು ಕಷ್ಟ?

ಕೇಳುಗರಿಗೆ ನಮಸ್ಕಾರ. ಬೆಳಗಿನ ಹೊತ್ತು. ಕೆಲವರು ಒಗ್ಗರಣೆ ಹಾಕುತ್ತಿರಬಹುದು, ಕೆಲವರು ಗಾಡಿ ಕೀ ಹುಡುಕುತ್ತಿರಬಹುದು. ತತ್ವಶಾಸ್ತ್ರ ಅಂದಕೂಡಲೇ ಸ್ಟೇಷನ್ ಬದಲಾಯಿಸಬೇಡಿ. ನನಗೆ ಕೊಟ್ಟಿರುವುದು ಐದೇ ನಿಮಿಷ.

ಬದಲಾಯಿಸಲು ಹೊರಟಿದ್ದರೂ ಒಂದು ಕ್ಷಣ ನಿಲ್ಲಿ. 'ಸಾಕಪ್ಪ ಈ ಮೇಷ್ಟರ ಕೊರೆತ' ಅಂತ ನಿಮಗೆ ಅನ್ನಿಸಿತು. ಕೈ ಎದ್ದು ರೇಡಿಯೋ ಕಡೆ ಹೋಯಿತು. ಕೈಗೆ ಮೂಳೆ ಇದೆ, ಮಾಂಸ ಇದೆ, ಬಳೆಯೂ ಇರಬಹುದು. ತಕ್ಕಡಿಗೆ ಹಾಕಿದರೆ ತೂಗುತ್ತದೆ. ಆ 'ಸಾಕಪ್ಪ' ಎಷ್ಟು ಗ್ರಾಂ? ತೂಕವೇ ಇಲ್ಲದ್ದು ತೂಕ ಇರುವ ಕೈಯನ್ನು ಎತ್ತಿಬಿಟ್ಟಿತು. ಹೇಗೆ? ಇವತ್ತು ನಾನು ಹೇಳಲು ಬಂದಿರುವುದು ಆ 'ಹೇಗೆ' ಒಂದನ್ನೇ. ಉಳಿದದ್ದು ಮರೆತರೂ ಪರವಾಗಿಲ್ಲ.

ಫ್ರಾನ್ಸಿನ ದೆಕಾರ್ತ್ ಹೆಸರು ಕೇಳಿರುತ್ತೀರಿ. 'ನಾನು ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ' ಅಂದವನು. 1641ರಲ್ಲಿ ಅಚ್ಚಾದ ಪುಸ್ತಕದಲ್ಲಿ ಆತ ಮನಸ್ಸನ್ನೂ ದೇಹವನ್ನೂ ಬೇರೆ ಬೇರೆ ಮಾಡಿದ. ದೇಹ ಜಾಗ ಹಿಡಿಯುತ್ತದೆ, ಯೋಚಿಸುವುದಿಲ್ಲ. ಮನಸ್ಸು ಯೋಚಿಸುತ್ತದೆ, ಜಾಗ ಹಿಡಿಯುವುದಿಲ್ಲ. ನಮ್ಮ ಪಠ್ಯಗಳಲ್ಲಿ ಇದನ್ನು ದ್ವೈತವಾದ ಅನ್ನುತ್ತಾರೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ನಾಲ್ಕಾರು ಮಕ್ಕಳು ನೇರ ಉಡುಪಿಗೆ ಹೋಗಿ ಮಧ್ವಾಚಾರ್ಯರ ಮೇಲೆ ಎರಡು ಪುಟ ಬರೆದಿಟ್ಟಿರುತ್ತಾರೆ. ಮಧ್ವರು ಒತ್ತಿ ಹೇಳಿದ್ದು ದೇವರು ಬೇರೆ, ಜೀವ ಬೇರೆ ಅಂತ. ಇದು ಆ ವಾದವಲ್ಲ ಮಾರಾಯ್ರೆ, ಹೆಸರು ಮಾತ್ರ ಒಂದೇ.

ಈಗ ನನ್ನ ಇಷ್ಟದ ಕಥೆ. 1643ರ ಮೇ ತಿಂಗಳು. ಹಾಲೆಂಡಿನ ಹೇಗ್ ಎಂಬ ಊರು. ಊರೂ ಹೇಗ್, ಪ್ರಶ್ನೆಯೂ ಹೇಗೆ, ಕನ್ನಡದವರಿಗೆ ಮಾತ್ರ ಸಿಗುವ ತಮಾಷೆ ಇದು. ಅಲ್ಲಿ ಬೊಹೀಮಿಯಾದ, ಅಂದರೆ ಇವತ್ತಿನ ಚೆಕ್ ದೇಶದ ಕಡೆಯ, ರಾಜಕುಮಾರಿ ಎಲಿಜಬೆತ್ ಇದ್ದಳು. ವಯಸ್ಸು 24. ರಾಜಕುಮಾರಿ ಅಂದರೆ ವೈಭವ ಅಂದುಕೊಳ್ಳಬೇಡಿ. ಅಪ್ಪ ಸಿಂಹಾಸನ ಏರಿದ ಒಂದೇ ವರ್ಷಕ್ಕೆ ಯುದ್ಧದಲ್ಲಿ ಅದನ್ನು ಕಳೆದುಕೊಂಡಿದ್ದ. ಇಡೀ ಸಂಸಾರ ಊರು ಬಿಟ್ಟು ಬಂದಿತ್ತು. ಈ ಹುಡುಗಿ ದೆಕಾರ್ತನಿಗೆ ಕಾಗದ ಬರೆದಳು. ಬಹಳ ವಿನಯದ ಕಾಗದ. ನಿಮ್ಮಂಥವರಿಗೆ ತೊಂದರೆ ಕೊಡುತ್ತಿದ್ದೇನೆ ಎನ್ನುವ ಧಾಟಿ. ಒಳಗೆ ಇದ್ದದ್ದು ಬಾಂಬು. ಒಂದು ವಸ್ತು ಇನ್ನೊಂದನ್ನು ತಳ್ಳಬೇಕಾದರೆ ತಾಗಬೇಕಲ್ಲ? ತಾಗಬೇಕಾದರೆ ಅದಕ್ಕೊಂದು ಮೈ ಬೇಕಲ್ಲ? ನೀವು ಮನಸ್ಸು ಅಥವಾ ಆತ್ಮ ಅನ್ನುವುದಕ್ಕೆ ಮೈಯೇ ಇಲ್ಲ. ಮತ್ತೆ ಅದು ದೇಹವನ್ನು ಅಲ್ಲಾಡಿಸುವುದು ಹೇಗೆ?

ದೆಕಾರ್ತ್ ಉತ್ತರ ಬರೆದ. ಕಲ್ಲಿನ ಭಾರ ಕಲ್ಲನ್ನು ಕೆಳಕ್ಕೆ ಒಯ್ಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವಲ್ಲ, ಆ ಭಾರ ಕಲ್ಲನ್ನು ಎಲ್ಲಿಯೂ ತಾಗಿ ತಳ್ಳುವುದಿಲ್ಲವಲ್ಲ, ಆತ್ಮವನ್ನೂ ಹಾಗೇ ತಿಳಿಯಿರಿ ಅಂದ. ರಾಜಕುಮಾರಿ ಬಿಡಲಿಲ್ಲ. ಭಾರದ ಬಗ್ಗೆ ಆ ಕಲ್ಪನೆಯೇ ತಪ್ಪು ಅಂತ ನೀವೇ ತೋರಿಸಲು ಹೊರಟವರಲ್ಲವೇ ಅಂದಳು. ಮೇಲಿಂದ ಇನ್ನೊಂದು ಏಟು. ಚೆನ್ನಾಗಿ ವಿಚಾರ ಮಾಡುವ ಮನುಷ್ಯ, ಮೈಯೊಳಗಿನ ಆವಿ ತಲೆಗೇರಿದರೆ ವಿಚಾರಶಕ್ತಿಯನ್ನೇ ಕಳೆದುಕೊಳ್ಳುತ್ತಾನೆ, ಯಾಕೆ? ಆಗಿನ ವೈದ್ಯರ ಮಾತಿನಲ್ಲಿ ಅದು ಆವಿ. ನಮ್ಮ ಮನೆಗಳಲ್ಲಿ ಪಿತ್ತ ನೆತ್ತಿಗೇರಿತು ಅಂತೀವಿ. ದೇಹದ ಹಂಗೇ ಇಲ್ಲದ ಆತ್ಮಕ್ಕೆ ಪಿತ್ತದಿಂದ ಏನಾಗಬೇಕು? ಆತ್ಮಕ್ಕೂ ಒಂದಿಷ್ಟು ಮೈ ಇದೆ ಅಂತ ಒಪ್ಪುವುದೇ ನನಗೆ ಸುಲಭ ಅಂತಲೂ ಬರೆದಳು.

ಆಗ ದೊಡ್ಡ ಮನುಷ್ಯ ಜಾರಿಕೊಂಡ. ಇಂಥ ಚಿಂತನೆಗೆ ನಾನೇ ವರ್ಷಕ್ಕೆ ಕೆಲವೇ ಗಂಟೆ ಕೊಡುತ್ತೇನೆ, ಮನಸ್ಸು ದೇಹ ಒಂದಾಗಿರುವುದು ದಿನನಿತ್ಯದ ಬದುಕಿನಲ್ಲೇ ಗೊತ್ತಾಗುತ್ತದೆ ಅಂದ. ಆಕೆಯ ಉತ್ತರ ನೋಡಿ: ಆತ್ಮ ದೇಹವನ್ನು ಅಲ್ಲಾಡಿಸುತ್ತದೆ ಅನ್ನುವುದು ನನಗೂ ಗೊತ್ತಾಗುತ್ತದೆ, ಹೇಗೆ ಅನ್ನುವುದು ಗೊತ್ತಾಗುವುದಿಲ್ಲ. ಅಬ್ಬಾ! ನಲವತ್ತು ವರ್ಷ ಪಾಠ ಮಾಡಿದರೂ ಈ ವಾಕ್ಯ ಓದಿದಾಗ ನನಗೆ ಮೈ ಜುಮ್ಮೆನ್ನುತ್ತದೆ. ಮನಸ್ಸಿಗೆ ತಟ್ಟಿದ್ದು, ಜುಮ್ಮೆಂದದ್ದು ಮೈ. ಮತ್ತೆ ಅದೇ ಪ್ರಶ್ನೆ.

ಇನ್ನೊಂದು ಸಂಗತಿ. ಆಕೆಗೆ ದೆಕಾರ್ತ್ ಬರೆದ ಪತ್ರಗಳು 1657ರಲ್ಲೇ ಅಚ್ಚಾದವು. ಆಕೆ ಬರೆದ ಪತ್ರಗಳು ಅಚ್ಚಾದದ್ದು 1879ರಲ್ಲಿ. ಅಷ್ಟು ಕಾಲ ಲೋಕ ಪ್ರಶ್ನೆ ನೋಡದೆ ಉತ್ತರ ಓದಿಕೊಂಡಿತ್ತು.

ಹೊತ್ತೆಲ್ಲ ರಾಜಕುಮಾರಿಯೇ ತಿಂದಳು.  ಕಣ್ಣಿಗೆ ಕಾಣುವುದಷ್ಟೇ ನಿಜ ಅಂದ ನಮ್ಮ ಹಳೇ ಕಾಲದ ಚಾರ್ವಾಕರದ್ದು ಮಾತ್ರ ಹೇಳುತ್ತೇನೆ. ವಿಜಯನಗರ ಕಾಲದ ಸರ್ವದರ್ಶನಸಂಗ್ರಹ ಎಂಬ ಪುಸ್ತಕದಲ್ಲಿ ಅವರ ವಾದ ಇದೆ. ಬೇರೆ ಬೇರೆ ಇದ್ದಾಗ ಅಮಲಿಲ್ಲದ ಪದಾರ್ಥಗಳು ಹುಳಿತರೆ ಮದ್ಯವಾಗುವ ಹಾಗೆ, ಮಣ್ಣು ನೀರು ಬೆಂಕಿ ಗಾಳಿ ಸೇರಿ ದೇಹವಾದರೆ ಅದರಲ್ಲಿ ಅರಿವು ಹುಟ್ಟುತ್ತದೆ, ಬೇರೆ ಆತ್ಮ ಬೇಡ ಅನ್ನುತ್ತಾರೆ. ಹೆಂಡ ಬೇಡದವರು ಇಡ್ಲಿ ಹಿಟ್ಟು ಅಂತ ತಿಳಿಯಿರಿ. ಅಕ್ಕಿ ಒಂದೇ ಇದ್ದರೆ ಹಾಗೆ ಉಬ್ಬುವುದಿಲ್ಲ. ಉದ್ದಿನ ಜೊತೆ ರಾತ್ರಿ ಕಳೆದರೆ ಬೆಳಿಗ್ಗೆ ಪಾತ್ರೆ ಮುಚ್ಚಳ ತಳ್ಳುತ್ತದೆ. ಮನಸ್ಸು ಅಂದರೆ ಮೆದುಳು ಅಷ್ಟೇ ಅನ್ನುವ ಇವತ್ತಿನವರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ಹೇಳಲಿ, ನನಗೇನೂ ಜಗಳವಿಲ್ಲ. ಆದರೆ ಹಿಟ್ಟು ಉಬ್ಬಿದ್ದು ಮುಚ್ಚಳ ತೆಗೆದರೆ ಮನೆಮಂದಿಗೆಲ್ಲ ಕಾಣುತ್ತದೆ. ನಿನ್ನೆ ರಾತ್ರಿಯಿಂದ ನನಗೆ ಹಲ್ಲುನೋವು. ನನ್ನ ಬಾಯಿ ತೆರೆದು ಟಾರ್ಚು ಬಿಟ್ಟು ನೋಡಿ, ಹಲ್ಲು ಕಾಣುತ್ತದೆ, ನೋವು ಕಾಣುವುದಿಲ್ಲ. ಹೇಗೆ?

ಸಮಯವಾಯಿತು. ನಮಸ್ಕಾರ.